ನೀರಿನ ಚಿತ್ರ

ಬಾಯಿ ತೆರೆಯಬಾರದು. ಇಷ್ಟೇ. ಇದೇನು ಬ್ರಹ್ಮವಿದ್ಯೆಯೇ ಎಂದು ಅವಳು ಪಾತ್ರೆ ಉಜ್ಜುತ್ತ ತನಗೆ ತಾನೇ ಹೇಳಿಕೊಂಡಳು. ಅಡುಗೆಮನೆಯ ಕಿಟಕಿಯ ಗಾಜಿನಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತಿತ್ತು. ಅದರ ಹಿಂದೆ ಎದುರು ಕಟ್ಟಡದ ಗೋಡೆ, ಗೋಡೆಯ ಮೇಲೆ ಒಂದು ನೀರಿನ ಪೈಪು, ಪೈಪಿನ ಕೀಲಿನಿಂದ ಇಳಿದು ಒಣಗಿದ ಕಂದು ಕಲೆ. ತುಟಿಗಳನ್ನು ಒತ್ತಿ ಹಿಡಿದು ನೋಡಿಕೊಂಡಳು. ಕೋಪ ಬಂದವಳ ಹಾಗೆ ಕಂಡಿತು. ಸಡಿಲ ಬಿಟ್ಟಳು. ಈಗ ಏನೋ ಹೇಳಹೊರಟವಳ ಹಾಗೆ. ಏನೂ ಹೇಳದ, ಏನನ್ನೂ ಬಯಸದ, ಸುಮ್ಮನೆ ಇರುವ ಮುಖ ಹೇಗಿರುತ್ತದೆ ಎಂಬುದೇ ಮರೆತುಹೋದಂತಿತ್ತು. ನಿದ್ದೆಯಲ್ಲಿ ಇರಬಹುದು. ಸತ್ತ ಮೇಲಂತೂ ಇದ್ದೇ ಇರುತ್ತದೆ. ಹಾಗೆ ಅಂದುಕೊಂಡದ್ದಕ್ಕೆ ನಾಲಿಗೆ ಕಚ್ಚಿಕೊಂಡಳು. ಮುಂದಿನ ವಾರ ಆಪರೇಷನ್ ಇಟ್ಟುಕೊಂಡು ಇಂಥ ಮಾತನ್ನು ಮನಸ್ಸಿನಲ್ಲೂ ಆಡಬಾರದು. ಗರ್ಭಕೋಶ ತೆಗೆಯುವುದು ಈಗ ಹಲ್ಲು ಕೀಳಿಸಿದಷ್ಟೇ ಸಲೀಸು ಎಂದು ಡಾಕ್ಟರು ನಕ್ಕಿದ್ದರು. "ಒಂದು ವಾರ ಇಲ್ಲಿರ್ತೀರಿ. ಆಮೇಲೆ ಮನೇಲಿ ಪೂರ್ತಿ ರೆಸ್ಟು, ಭಾರ ಎತ್ತೋ ಹಾಗಿಲ್ಲ. ನೋಡ್ಕೊಳ್ಳೋಕೆ ಯಾರಾದ್ರೂ ಇದ್ದಾರೆ ತಾನೇ?" ಇದ್ದಾರೆ ಎಂದಿದ್ದಳು. ಡಾಕ್ಟರು ಕೇಳಿದ್ದು ಅವಳನ್ನು ನೋಡಿಕೊಳ್ಳುವವರ ವಿಷಯ ಎಂದು ಹೊಳೆದದ್ದು ಮೆಟ್ಟಿಲು ಇಳಿಯುವಾಗ. ಇದ್ದಾರೆ ಎನ್ನುವಾಗ ಅವಳ ಕಣ್ಣ ಮುಂದೆ ಇದ್ದದ್ದು ಗಂಡನಲ್ಲ, ಊರಿನಿಂದ ಬಂದಿಳಿದಿದ್ದ ಅತ್ತೆಯೂ ಅಲ್ಲ. ಗೋಡೆಯ ಮೇಲಿನ ಆ ಚಿತ್ರಗಳು.

ಫ್ರಿಜ್ಜಿನ ಪಕ್ಕದ ಗೋಡೆಗೆ ಒಂದು ಹಲಗೆ. ಹಲಗೆಯ ಮೇಲೆ ವೆಲ್ಕ್ರೋ ಪಟ್ಟಿಗೆ ಅಂಟಿ ನಿಂತ ಅಂಗೈ ಅಗಲದ ಚಿತ್ರಗಳು: ನೀರಿನ ಲೋಟ, ಬಿಸ್ಕತ್ತು, ಉಯ್ಯಾಲೆ, ಕಕ್ಕಸು, ನೋವಿಗೆಂದು ಹೊಟ್ಟೆ ಹಿಡಿದುಕೊಂಡ ಒಂದು ಮಗು, ಕೊನೆಯಲ್ಲಿ ಅವಳದೇ ಫೋಟೋ. ಆಟಿಸಂ ಇರುವ, ಏಳು ವರ್ಷವಾದರೂ ಒಂದು ಮಾತೂ ಆಡದ ಮಗಳಿಗೆ ಇನ್ನು ಇದೇ ನಾಲಿಗೆ ಎಂದು ಇಂಥ ಮಕ್ಕಳ ತರಬೇತಿ ಕೇಂದ್ರದ ಮಿಸ್ಸು ಹೇಳಿಕೊಟ್ಟಿದ್ದಳು. ಬೇಕಾದ ಚಿತ್ರವನ್ನು ಚರ್ರನೆ ಕಿತ್ತು ಎದುರಿಗೆ ಕೂತವರ ಕೈಗೆ ಕೊಡುವುದು ಮಗುವಿನ ಕೆಲಸ. ಕೊಟ್ಟ ಕೂಡಲೇ ಆ ವಸ್ತುವನ್ನು ಅದರ ಕೈಗಿಡುವುದು ಮನೆಯವರ ಕೆಲಸ. ತಿದ್ದಬಾರದು, ಬೈಯಬಾರದು, ಇದಲ್ಲ ಕಂದಾ ಅದು ಎನ್ನಬಾರದು. ಅದಕ್ಕೆ ಬೇಕಾದದ್ದು ಬಿಸ್ಕತ್ತು, ಕೈಗೆ ಬಂದದ್ದು ನೀರಿನ ಚಿತ್ರ ಎಂದು ನಿಮಗೆ ಎಷ್ಟೇ ಗೊತ್ತಿದ್ದರೂ ನೀರನ್ನೇ ಕೊಡಬೇಕು. ಚಿತ್ರದ ಮಾತು ಒಮ್ಮೆ ಸುಳ್ಳಾದರೆ ಮಗು ಮತ್ತೆ ಅದನ್ನು ನಂಬುವುದಿಲ್ಲ. ಕೇಂದ್ರಕ್ಕೆ ಬರುವ ತಾಯಂದಿರೆಲ್ಲ ಇದನ್ನು ಗಾದೆ ಮಾಡಿಕೊಂಡಿದ್ದರು: ಕೊಟ್ಟದ್ದೇ ಕೇಳಿದ್ದು. ಬಸ್ಸಿಗೆ ಕಾಯುವಾಗ, ಗಂಡಂದಿರ ಬಗ್ಗೆ ಮಾತಾಡುವಾಗಲೂ ಅದೇ ಗಾದೆ. "ನಮ್ಮನೆಯವರಿಗೆ ಚಹಾ ಕೇಳಿದ್ರೂ ನೀರೇ ಕೊಡ್ತೀನಿ, ಕೊಟ್ಟದ್ದೇ ಕೇಳಿದ್ದು ಅಂತ ಕುಡೀಲಿ" ಎಂದು ಒಬ್ಬಾಕೆ ಹೇಳಿ ಎಲ್ಲರನ್ನೂ ನಗಿಸಿದ್ದಳು. ತಾನೂ ನಕ್ಕಿದ್ದಳು. ಆ ದಿನಗಳಲ್ಲಿ ಅವಳಿಗೆ ನಗು ಸುಲಭವಾಗಿ ಬರುತ್ತಿತ್ತು, ಯಾಕೆಂದರೆ ಅವಳ ಮಗು ಕಲಿಯುತ್ತಿತ್ತು.

ಎಷ್ಟು ಚೆನ್ನಾಗಿ ಕಲಿಯುತ್ತಿತ್ತು! ಬೇರೆ ಮಕ್ಕಳು ಚಿತ್ರವನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದವು, ಹರಿಯುತ್ತಿದ್ದವು, ಕಿಟಕಿಯಿಂದ ಎಸೆಯುತ್ತಿದ್ದವು. ಇವಳದು ಹಲಗೆಯ ಮುಂದೆ ಕೂತು, ಕೈಯನ್ನು ಚಿತ್ರಗಳ ಮೇಲೆ ಗಾಳಿಯಲ್ಲಿ ಮೆಲ್ಲಗೆ ಆಡಿಸಿ, ಅಲ್ಲೇ ಒಂದು ಕ್ಷಣ ನಿಲ್ಲಿಸಿ, ಅವಳ ಮುಖ ನೋಡಿ, ಚರ್ರನೆ ಕಿತ್ತು ಕೊಡುತ್ತಿತ್ತು. ಅವಳ ಮುಖ ನೋಡಿ. ಹುಟ್ಟಿದಾಗಿನಿಂದ ಯಾರ ಕಣ್ಣಲ್ಲೂ ಕಣ್ಣಿಡದ ಮಗು ಈಗ ಅಮ್ಮನ ಮುಖ ನೋಡುತ್ತದೆ ಎಂದು ಅವಳು ಮಿಸ್ಸಿನ ಹತ್ತಿರ ಹೇಳಿದಾಗ ಮಿಸ್ಸಿನ ಕಣ್ಣಲ್ಲೂ ನೀರಾಡಿತ್ತು. ಗಂಡನ ಮುಂದೆ ಕೂರಿಸಿದರೆ ಮಾತ್ರ ಎಲ್ಲ ತಿರುಗುಮುರುಗು. ಉಯ್ಯಾಲೆಯ ಚಿತ್ರ ಕೊಟ್ಟು, ಉಯ್ಯಾಲೆಯಲ್ಲಿ ಕೂರಿಸಿದರೆ ತಲೆ ಚಚ್ಚಿಕೊಂಡು ಅಳುವುದು. "ನನ್ನ ಹತ್ರ ಯಾಕೆ ಮಾಡಲ್ಲ ಇದು?" ಎಂದು ಅವನು ಕೈಚೆಲ್ಲಿ ಕೂರುತ್ತಿದ್ದ. "ನಿಮಗೆ ತಾಳ್ಮೆ ಇಲ್ಲ, ಅದಕ್ಕೇ" ಎನ್ನುತ್ತಿದ್ದಳು. ಹಾಗೆನ್ನುವಾಗ ಒಳಗೆಲ್ಲೋ ಬೆಚ್ಚಗಾಗುತ್ತಿದ್ದದ್ದು ಈಗ, ಸೋಪಿನ ನೊರೆಯಲ್ಲಿ ಕೈಯಿಟ್ಟು ನಿಂತಿರುವಾಗ, ನೆನಪಾಯಿತು. ಅವನು ಸೋತಾಗಲೆಲ್ಲ ಅವಳಿಗೆ ಸಣ್ಣದೊಂದು ಹಬ್ಬ. ಅಷ್ಟು ಬಡವಾಗಿದ್ದಳೇ ತಾನು, ಅದನ್ನೂ ಎತ್ತಿ ಮಡಿಲಿಗೆ ಹಾಕಿಕೊಳ್ಳುವಷ್ಟು?

"ಆ ಪಾತ್ರೇನ ಇನ್ನೂ ಎಷ್ಟು ಉಜ್ಜುತೀಯೇ ತಾಯಿ, ತೂತು ಬಿದ್ದೀತು" ಎಂದರು ಅತ್ತೆ ಹಿಂದಿನಿಂದ.

ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು ಬಟ್ಟೆ ಮಡಿಸುತ್ತಿದ್ದರು. ಅವರ ಪಕ್ಕದಲ್ಲಿ ಮಗು ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುತ್ತಿತ್ತು, ಒಂದರ ಬಾಯಿ ಇನ್ನೊಂದರ ಬಾಲಕ್ಕೆ ತಾಗುವ ಹಾಗೆ. ಅತ್ತೆಯ ಕಾಲು ಸಾಲಿಗೆ ಅಡ್ಡ ಬಂದಾಗ ಅದು ಕಾಲನ್ನು ಒಂದು ಮರದ ತುಂಡಿನಂತೆ ಎತ್ತಿ ಪಕ್ಕಕ್ಕಿಟ್ಟಿತು. "ಏನೇ ಮೌನಗೌರಿ, ನನ್ನ ಕಾಲನ್ನ ಮಾರೋಕಿಟ್ಟಿದೀಯಾ?" ಎಂದು ಅತ್ತೆ ನಕ್ಕರು. ಮಗು ನಗಲಿಲ್ಲ. ಬೆಳಿಗ್ಗೆ ಕೇಂದ್ರದಲ್ಲೂ ಅದು ಹೀಗೆಯೇ ಶಾಂತವಾಗಿ ಹೋಗಿ ಹಲಗೆಯ ಮುಂದೆ ಕೂತಿತ್ತು. ಹೊಸದಾಗಿ ಸೇರಿದ ಮನೆಯವರು ಪ್ಲಾಸ್ಟಿಕ್ಕಿನ ಕುರ್ಚಿಗಳಲ್ಲಿ ಸುತ್ತ ಕೂತಿದ್ದರು, ತಮ್ಮ ತಮ್ಮ ಮಕ್ಕಳ ರಟ್ಟೆ ಹಿಡಿದುಕೊಂಡು, ಕಣ್ಣ ಕೆಳಗೆ ಅದೇ ಕಪ್ಪು, ಅದೇ ಅರೆಬರೆ ಬಾಚಿದ ತಲೆ. ಒಂದು ಕಾಲದ ತನ್ನ ಮುಖವನ್ನೇ ಇಷ್ಟೊಂದು ಜನ ಹಂಚಿಕೊಂಡು ಕೂತಿದ್ದಾರೆ ಎನಿಸಿತ್ತು. "ಈ ಅಕ್ಕನ್ನ ನೋಡಿ ಕಲೀರಿ" ಎಂದು ಮಿಸ್ಸು ಅವಳ ಹೆಗಲ ಮೇಲೆ ಕೈಯಿಟ್ಟಿದ್ದಳು. "ಇವರ ಮನೇಲಿ ಮಗು ಎಲ್ಲಾ ತಾನೇ ಕೇಳತ್ತೆ."

ಕೇಳಿತು ಕೂಡ. ನೀರು ಕೇಳಿತು, ಕುಡಿಯಿತು. ಬಿಸ್ಕತ್ತು ಕೇಳಿತು, ತಿಂದಿತು. ಯಾರೋ ಚಪ್ಪಾಳೆ ತಟ್ಟಿದರು, ಸದ್ದಿಗೆ ಮಗು ಕಿವಿ ಮುಚ್ಚಿಕೊಂಡಿತು, ತಟ್ಟಿದವರು ನಾಚಿ ಕೈ ಇಳಿಸಿದರು. ಆಗ ಮೂಲೆಯಲ್ಲಿ ಕೂತಿದ್ದ ಒಬ್ಬ ತಂದೆ, ಲಾರಿ ಓಡಿಸುವವನಂತೆ, ಮನೆಯಲ್ಲಿ ಹೆಂಡತಿಗೆ ತೋರಿಸಲೆಂದು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದವನು, ಯಾವ ಕೆಟ್ಟ ಬುದ್ಧಿಯೂ ಇಲ್ಲದೆ, ಶಾಲೆಯಲ್ಲಿ ಸಂಶಯ ಕೇಳುವ ಹುಡುಗನಂತೆ ಕೈಯೆತ್ತಿದ್ದ. "ಮಿಸ್, ಒಂದು ವಿಷಯ. ಮಗು ಚಿತ್ರ ನೋಡ್ತಾನೇ ಇಲ್ವಲ್ಲ. ಈ ಅಕ್ಕನ ಬಾಯಿ ನೋಡ್ತಾ ಇದೆ. ಅವರು ಬಾಯಿ ಬಿಟ್ರು, ಅದು ಕಿತ್ಕೊಡ್ತು. ಹಾಗೇನಾ ಮಾಡಬೇಕಾದ್ದು?"

ಕೆಲವರು ನಕ್ಕರು. ಮಿಸ್ಸು ನಗಲಿಲ್ಲ. ಅವಳ ಕೈ ಇನ್ನೂ ಹೆಗಲ ಮೇಲೆ ಇತ್ತು. ಅದು ಸ್ವಲ್ಪ ಹಗುರಾದದ್ದು ತಿಳಿಯಿತು. "ಅಕ್ಕ, ಒಂದು ನಿಮಿಷ, ನೀವು ಮಗು ಹಿಂದೆ ಕೂತ್ಕೊಳ್ತೀರಾ? ಎದುರಿಗೆ ಅಜ್ಜಿ ಕೂರಲಿ. ಹೇಗೂ ಮುಂದಿನ ವಾರದಿಂದ ಅವರೇ ತಾನೇ." ಅತ್ತೆ ಸೆರಗು ಸರಿಮಾಡಿಕೊಂಡು ಗತ್ತಿನಿಂದ ಕೂತರು. ಮಗು ಕೈಯನ್ನು ಗಾಳಿಯಲ್ಲಿ ಎತ್ತಿತು, ಅತ್ತೆಯನ್ನು ನೋಡಿತು, ಆಮೇಲೆ ಇಡೀ ಮೈ ತಿರುಗಿಸಿ ಹಿಂದೆ ಕೂತಿದ್ದ ಅವಳನ್ನು ನೋಡಿತು. ಕೈ ಇನ್ನೂ ಹಲಗೆಯ ಕಡೆಗೇ ಚಾಚಿತ್ತು. ಮುಂದೆ ತಿರುಗಿಸಿದರೆ ಮತ್ತೆ ಹಿಂದೆ. "ಅಕ್ಕ, ಸ್ವಲ್ಪ ಹೊರಗಿರ್ತೀರಾ?" ಬಾಗಿಲಿನ ಸಣ್ಣ ಗಾಜಿನಿಂದ ಅವಳು ಒಳಗೆ ನೋಡಿದಳು. ಮಗುವಿನ ಕೈ ಹಲಗೆಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಕತ್ತಲೆಯಲ್ಲಿ ಸ್ವಿಚ್ಚು ಹುಡುಕುವ ಕೈಯ ಹಾಗೆ ಆಡುತ್ತಿತ್ತು. ಅತ್ತೆಯ ಮುಖ, ಮಿಸ್ಸಿನ ಮುಖ, ಗೋಡೆಯ ಗಡಿಯಾರದ ಮುಖ, ಎಲ್ಲವನ್ನೂ ನೋಡಿತು. ಕೊನೆಗೆ ಕೈಗೆ ಸಿಕ್ಕಿದ್ದನ್ನು ಕಿತ್ತು ಕೊಟ್ಟಿತು. ಹೊಟ್ಟೆನೋವಿನ ಚಿತ್ರ. "ಅಯ್ಯೋ, ಹೊಟ್ಟೆನೋವಂತೆ!" ಎಂದು ಅತ್ತೆ ಗಾಬರಿಯಿಂದ ಅದರ ಹೊಟ್ಟೆ ಸವರತೊಡಗಿದರು. ಹೊಟ್ಟೆ ಮುಟ್ಟಿದರೆ ಅದಕ್ಕೆ ಆಗದು ಎಂದು ಅವರಿಗೆ ಗೊತ್ತಿರಲಿಲ್ಲ. ಮಗು ಕಿರುಚಿದ್ದು ಗಾಜಿನ ಈಚೆಗೆ ಸಣ್ಣದಾಗಿ ಕೇಳಿಸಿತು.

ಆಮೇಲೆ ಮಿಸ್ಸು ಅವಳನ್ನು ಆಟದ ಸಾಮಾನು ಇಡುವ ಕೋಣೆಗೆ ಕರೆದುಕೊಂಡು ಹೋಗಿ ಆ ತಂದೆ ತೆಗೆದಿದ್ದ ವಿಡಿಯೋ ತೋರಿಸಿದಳು. ಹಾಗೆ ನೋಡಿದರೆ ಅದರಲ್ಲಿ ಏನೂ ಇರಲಿಲ್ಲ. ಒಬ್ಬ ಹೆಂಗಸು ಒಂದು ಮಗುವಿನ ಎದುರು ಕೂತಿದ್ದಾಳೆ. ಮಗುವಿನ ಕೈ ಚಿತ್ರಗಳ ಮೇಲೆ ಹಾಯುತ್ತದೆ. ಕೈ ಸರಿಯಾದ ಚಿತ್ರದ ಮೇಲೆ ಬಂದಾಗ ಹೆಂಗಸಿನ ತುಟಿಗಳು ಬೇರೆಯಾಗುತ್ತವೆ, ಒಂದು ಅಕ್ಕಿಕಾಳು ತೂರುವಷ್ಟು. ಅಷ್ಟೇ. ಮಿಸ್ಸು ಮತ್ತೆ ಹಿಂದಕ್ಕೆ ಓಡಿಸಿ ತೋರಿಸಿದಳು. ಮತ್ತೆ ಅಷ್ಟೇ. ಮಗುವಿಗೆ ತುತ್ತು ಕೊಡುವಾಗ ಎಲ್ಲ ತಾಯಂದಿರ ಬಾಯಿಯೂ ತೆರೆಯುತ್ತದೆ. ಆ ಎನ್ನು ಎನ್ನುತ್ತ ತಾವೂ ಆ ಎನ್ನುತ್ತಾರೆ. ಮಗು ಬಾಯಿ ಮುಚ್ಚಿದರೆ ತಾವೂ ಮುಚ್ಚಿ ಬರಿಯ ಬಾಯಿ ಅಗಿಯುತ್ತಾರೆ. ಬೇರೆಯವರ ಮಕ್ಕಳು ದೊಡ್ಡವರಾಗುತ್ತಾರೆ, ತಮ್ಮ ಅನ್ನ ತಾವೇ ಕಲಸಿಕೊಳ್ಳುತ್ತಾರೆ, ತಾಯಂದಿರ ಬಾಯಿಗೂ ಬಿಡುಗಡೆಯಾಗುತ್ತದೆ. ಅವಳ ಬಾಯಿಗೆ ಇನ್ನೂ ಆಗಿರಲಿಲ್ಲ. "ನಿಮ್ಮ ತಪ್ಪಲ್ಲ ಅಕ್ಕ, ನಾನೇ ಗಮನಿಸಬೇಕಿತ್ತು. ನೀವು ಕಳಿಸ್ತಿದ್ದ ವಿಡಿಯೋಗಳಲ್ಲಿ ಬರೀ ಮಗು ಇರ್ತಿತ್ತು, ನೀವು ಇರ್ತಾನೇ ಇರಲಿಲ್ಲ" ಎಂದಳು ಮಿಸ್ಸು. ಅವಳು ಚಿಕ್ಕ ಹುಡುಗಿ. ಹೇಳುವಾಗ ಒಂದು ಮುರಿದ ಗಿಲಕಿಯನ್ನು ಸದ್ದಾಗದಂತೆ ಕೈಯಲ್ಲಿ ಹಿಡಿದುಕೊಂಡಿದ್ದಳು. "ಒಂದು ಸಲಕ್ಕೆ ಬಿಟ್ಟು ಹೋಗಲ್ಲ ಇದು. ಮೊದಲಿಂದ ಮಾಡೋಣ. ನೀವು ಮುಖ ಖಾಲಿ ಇಟ್ಕೊಳ್ಳಿ. ಅದು ಏನು ಕೊಡತ್ತೋ ಅದನ್ನ ಕೊಡಿ, ತಪ್ಪಾದ್ರೂ ಕೊಡಿ. ನಿಮ್ಮ ಮುಖದಲ್ಲಿ ಏನೂ ಇಲ್ಲ ಅಂತ ಗೊತ್ತಾದ ಮೇಲೇನೇ ಅದು ಚಿತ್ರ ನೋಡೋದು."

ನಿಮ್ಮ ಮುಖದಲ್ಲಿ ಏನೂ ಇಲ್ಲ ಅಂತ ಗೊತ್ತಾದ ಮೇಲೆ.

ತೊಳೆದ ಪಾತ್ರೆಯನ್ನು ಬೋರಲು ಹಾಕಿ ಕೈ ಒರೆಸಿಕೊಂಡಳು. ಎದುರು ಕಟ್ಟಡದ ಗೋಡೆಯ ಮೇಲಿನ ಬಿಸಿಲು ಪೈಪಿನವರೆಗೆ ಏರಿತ್ತು. ಇನ್ನೇನು ಸಂಜೆ. ಗಂಡ ಬರುವ ಹೊತ್ತಿಗೆ ಸರಿಯಾಗಿ ದಿನಾ ಮಗು ಒಂದು ಕೆಲಸ ಮಾಡುತ್ತಿತ್ತು. ಅವಳು ಕೆಲಸವೆಲ್ಲ ಮುಗಿಸಿ, ಸೊಂಟ ಹಿಡಿದುಕೊಂಡು, ಹಲಗೆಯ ಮುಂದೆ ಬಂದು ಕೂರುವಳು. ಮಗು ಎದುರಿಗೆ ಕೂತು, ನೀರನ್ನು ದಾಟಿ, ಬಿಸ್ಕತ್ತನ್ನು ದಾಟಿ, ಕೊನೆಯ ಚಿತ್ರದ ಮೇಲೆ ಕೈ ನಿಲ್ಲಿಸಿ, ಅವಳ ಮುಖ ನೋಡಿ, ಅವಳ ಫೋಟೋವನ್ನು ಕಿತ್ತು ಅವಳ ಅಂಗೈಯಲ್ಲಿ ಇಡುವುದು. ಅಮ್ಮ ಬೇಕು. ಅವಳು ಮಗುವನ್ನು ತಬ್ಬಿಕೊಳ್ಳುವಳು, ಅದು ಮೈಯನ್ನು ಮರದ ಹಾಗೆ ಬಿಗಿಮಾಡಿಕೊಂಡು ಸಹಿಸುವುದು. ಕೇಳಿದ್ದು ತಾನೇ ಕೊಡುತ್ತಿರುವುದು ಎಂದುಕೊಳ್ಳುವಳು. ಯಾರು ಕೇಳಿದ್ದರು? ತನಗೆ ತಾನೇ ಓಲೆ ಬರೆದು, ಮಗುವಿನ ಕೈಯಲ್ಲಿ ಕೊಟ್ಟು, ತಾನೇ ತರಿಸಿಕೊಂಡು, ತಾನೇ ಓದಿ ಅತ್ತಿದ್ದಳು. ಅದು ಒಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಕಳೆದ ಚಳಿಗಾಲದ ಆ ವಾರವನ್ನು ನುಂಗಲಾಗುತ್ತಿರಲಿಲ್ಲ. ಮಗು ರಾತ್ರಿಯೆಲ್ಲ ನಿದ್ದೆ ಮಾಡುತ್ತಿರಲಿಲ್ಲ, ಗೋಡೆಗೆ ತಲೆ ಒತ್ತಿಕೊಂಡು ನಿಲ್ಲುತ್ತಿತ್ತು. ಹೊಟ್ಟೆಯೇ? ಹಲ್ಲೇ? ಹಲಗೆಯ ಮುಂದೆ ಕೂರಿಸಿದರೆ ಬಿಸ್ಕತ್ತಿನ ಚಿತ್ರ ಕೊಡುತ್ತಿತ್ತು. "ನೋವಿದ್ರೆ ಹೇಳ್ತಿತ್ತು ರೀ, ಅದಕ್ಕೆ ನೋವಿನ ಚಿತ್ರ ಗೊತ್ತು, ಮೊನ್ನೆ ಬಿದ್ದಾಗ ಹೇಳ್ತಲ್ಲ. ಇದು ಬರೀ ಹಟ" ಎಂದು ಅವಳೇ ಹೇಳಿದ್ದಳು. ಅವಳೇ ಬಿಸ್ಕತ್ತು ಕೊಟ್ಟಿದ್ದಳು. ಮಗು ಅದನ್ನು ಒಂದೇ ಬದಿಯ ಹಲ್ಲಿನಲ್ಲಿ ಅಗಿದಿತ್ತು. ದಿಂಬಿನ ಮೇಲೆ ಹಳದಿ ಕಲೆ ಕಂಡ ದಿನ ಕಿವಿಯ ಡಾಕ್ಟರು, "ಇಷ್ಟು ದಿನ ಹೇಗಮ್ಮ ಸುಮ್ಮನಿದ್ದಳು ಇವಳು?" ಎಂದು ಕೇಳಿದ್ದರು. ಬಿದ್ದಾಗ ಮಗು ನೋವು ಎಂದದ್ದು ಅದು ಬಿದ್ದದ್ದನ್ನು ಅವಳು ನೋಡಿದ್ದರಿಂದ. ಕಿವಿಯನ್ನು ಅವಳು ಊಹಿಸಿರಲಿಲ್ಲ. ಅವಳು ಊಹಿಸದ್ದನ್ನು ಮಗು ಹೇಳುವುದು ಹೇಗೆ? ಅವಳ ತಲೆಯಲ್ಲಿ ಇದ್ದ ನೋವುಗಳು ಮಾತ್ರ ಮಗುವಿಗೆ ಆಗಬೇಕಿತ್ತು. ಮಿಕ್ಕವು ಅದರೊಳಗೇ ಕೀವಾಗಬೇಕಿತ್ತು.

ಚಪ್ಪಲಿ ಬಿಡುವ ಸದ್ದು. ಗಂಡ ಇವತ್ತು ಬೇಗ ಬಂದಿದ್ದ. ಅವನದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕತ್ತಲೆ ಕೋಣೆಯಲ್ಲಿ ಗಾಜು ಬದಲಿಸುತ್ತ ಇದು ಚೆನ್ನಾಗಿ ಕಾಣತ್ತಾ, ಇದಾ, ಇದಾ ಎಂದು ಕೇಳಿ ಕೇಳಿ ಮನೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಅದೇ ಧ್ವನಿಯಲ್ಲಿ ಮಾತಾಡುತ್ತಿದ್ದ. ಅತ್ತೆ ಅವನಿಗೆ ಫೋನಿನಲ್ಲಿ ಆಗಲೇ ಎಲ್ಲ ಹೇಳಿಬಿಟ್ಟಿದ್ದರು ಎಂದು ಅವನ ಮುಖದಲ್ಲೇ ತಿಳಿಯಿತು. ಕೈಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣ ಬೇರೆ. ಹೊರೆ ಹೊತ್ತವನು ಇಳಿಸಲು ಜಾಗ ಹುಡುಕುವಂತೆ ಅದನ್ನು ಅಲ್ಲಿ ಇಲ್ಲಿ ಇಟ್ಟು ಕೊನೆಗೆ ಫ್ರಿಜ್ಜಿನ ಮೇಲಿಟ್ಟ.

"ನಿಮಗೆ ಮೊದಲೇ ಗೊತ್ತಿತ್ತು" ಎಂದಳು. ಪ್ರಶ್ನೆಯಾಗಿ ಕೇಳಬೇಕೆಂದಿದ್ದಳು, ಹಾಗೆ ಬರಲಿಲ್ಲ.

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. "ಗೊತ್ತಿತ್ತು ಅಂತಲ್ಲ. ಅನುಮಾನ ಇತ್ತು. ಅಂಗಡಿಗೆ ಕೆಲವರು ಬರ್ತಾರೆ, ಬೋರ್ಡ್ ಮೇಲಿನ ಅಕ್ಷರ ಕಾಣಲ್ಲ, ಆದ್ರೆ ಜೊತೆಗೆ ಬಂದೋರ ಮುಖ ನೋಡ್ಕೊಂಡು ಸರಿಯಾಗೇ ಹೇಳ್ತಾರೆ."

"ಹೇಳಬಾರದಿತ್ತಾ?"

"ಹೇಳಿದ್ದೆ. ನೀನ್ಯಾಕೆ ಬಾಯಿ ಬಿಡ್ತೀಯ ಅಂತ ಒಂದು ದಿನ ಕೇಳಿದ್ದೆ. ನಿಮಗೆ ಹೊಟ್ಟೆಕಿಚ್ಚು ಅಂದೆ ನೀನು. ಆಮೇಲೆ ಎರಡು ದಿನ ಮಾತೇ ಇಲ್ಲ."

ಅವಳಿಗೆ ನೆನಪಿತ್ತು. ಹೊಟ್ಟೆಕಿಚ್ಚು ಎಂದಾಗ ಅವನ ಮುಖ ಹೇಗಾಗಿತ್ತು ಎಂಬುದು ಮಾತ್ರ ನೆನಪಿರಲಿಲ್ಲ. ಆಗ ಅವಳು ಆ ಮುಖ ನೋಡಿರಲಿಲ್ಲ.

"ಮತ್ತೆ ಕೇಳಲಿಲ್ಲ ಯಾಕೆ?"

ಅವನು ಕನ್ನಡಕ ಹಾಕಿಕೊಂಡ. "ನೀನು ನಗ್ತಾ ಇದ್ದೆ ಕಣೇ" ಎಂದ. "ಎಷ್ಟೋ ವರ್ಷ ಆದ ಮೇಲೆ."

"ಸಾಕು ಬಿಡ್ರೋ ಇಬ್ಬರೂ, ಹೋದ ಮಳೆಗೆ ಛತ್ರಿ ಹಿಡೀತಾ ಕೂತಿದೀರಿ" ಎಂದರು ಅತ್ತೆ, ಮಡಿಸಿದ ಬಟ್ಟೆಯ ರಾಶಿಯನ್ನು ದೂಡಿ ಮಂಡಿಯ ಮೇಲೆ ಕೈಯೂರಿ ಏಳುತ್ತ. "ಬಾಯಿ ಮುಚ್ಚೋದು ಏನು ಮಹಾ. ನಾನು ನಿಮ್ಮಪ್ಪನ ಜೊತೆ ನಲವತ್ತು ವರ್ಷ ಬಾಯಿ ಮುಚ್ಕೊಂಡೇ ಸಂಸಾರ ಮಾಡಿದೀನಿ. ನನ್ನ ಮುಖ ನೋಡಿದ್ರೆ ಗೋಡೆಗೇ ನಾಚಿಕೆ ಆಗಬೇಕು. ಕೂರಿಸು ಮೌನಗೌರೀನ, ನಾನೇ ಕಲಿಸ್ತೀನಿ."

ಅವಳು ಹೊರಗೆ ಹೋಗುವುದು, ಇವರಿಬ್ಬರು ಅಭ್ಯಾಸ ಮಾಡುವುದು ಎಂದು ಮಾತಾಯಿತು. ಮೊದಲು ಗಂಡ ಕೂತ. ಅವಳು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಹೊಟ್ಟೆಯ ಕೆಳಗೆ ಎಂದಿನ ನೋವು, ಒದ್ದೆ ಬಟ್ಟೆ ಹಿಂಡಿದಂತೆ. ಮುಂದಿನ ವಾರ ಅದೂ ಇರುವುದಿಲ್ಲ. ಮಗು ಒಂಬತ್ತು ತಿಂಗಳು ಇದ್ದ ಜಾಗವನ್ನು ಒಂದು ಬಟ್ಟಲಲ್ಲಿ ಹಾಕಿ ಎಲ್ಲಿಗೋ ಒಯ್ಯುತ್ತಾರೆ. ಅಲ್ಲಿದ್ದಾಗ ಅದು ಏನನ್ನೂ ಕೇಳಬೇಕಾಗಿರಲಿಲ್ಲ. ಹಸಿವಾಗುವ ಮೊದಲೇ ಅನ್ನ, ಬಾಯಾರುವ ಮೊದಲೇ ನೀರು. ನಡುವೆ ಚಿತ್ರವಿಲ್ಲ, ಮುಖವಿಲ್ಲ, ಮಿಸ್ಸಿಲ್ಲ. ಹೊರಗೆ ಚರ್ರ್ ಎಂಬ ಸದ್ದು. "ಉಯ್ಯಾಲೆ! ಸರಿ, ಉಯ್ಯಾಲೆ" ಎಂದು ಗಂಡನ ಧ್ವನಿ, ಗಿರಾಕಿಯ ಹತ್ತಿರ ಮಾತಾಡುವ ಧ್ವನಿ. ಪಡಸಾಲೆಯ ಉಯ್ಯಾಲೆ ಒಂದು ಸಲ ಕಿರ್ರೆಂದಿತು. ಆಮೇಲೆ ಕಿರುಚಾಟ, ಏನೋ ಬಿದ್ದ ಸದ್ದು, ಅತ್ತೆಯ "ಬಿಡೋ, ಬಿಡೋ ಅದನ್ನ". ಅವಳು ಎದ್ದು ಚಿಲಕದ ಮೇಲೆ ಕೈಯಿಟ್ಟಳು. ತೆಗೆಯಲಿಲ್ಲ. ಮುಂದಿನ ವಾರವೂ ಹೀಗೆಯೇ ಕಿರುಚುತ್ತದೆ, ಆಗ ನಡುವೆ ಬಾಗಿಲಲ್ಲ, ಊರಿನ ಅರ್ಧ ಇರುತ್ತದೆ. ಚಿಲಕ ತಣ್ಣಗಿತ್ತು. ಆಗ ಬಾಗಿಲಿನ ಆ ಬದಿಯಿಂದ ಬಡಿತ ಕೇಳಿಸಿತು. ಕೈಯಿಂದಲ್ಲ, ಹಣೆಯಿಂದ, ಒಂದೇ ಲಯದಲ್ಲಿ. ತೆಗೆದಳು.

ಮಗು ಅವಳ ಮುಖ ನೋಡಲಿಲ್ಲ. ಮಣಿಕಟ್ಟು ಹಿಡಿದು, ಒಂದು ಕುರ್ಚಿಯನ್ನು ಎಳೆದೊಯ್ಯುವಂತೆ ಎಳೆದುಕೊಂಡು ಹೋಗಿ ಹಲಗೆಯ ಮುಂದೆ ಅವಳ ಜಾಗದಲ್ಲಿ ಅವಳನ್ನು ಇಟ್ಟಿತು. ತಾನು ಎದುರಿಗೆ ಕೂತಿತು. ಹಣೆಯ ಮೇಲೆ ಕೆಂಪಾಗಿತ್ತು. ಗಂಡ ಎದ್ದು ಗೋಡೆಗೆ ಒರಗಿದ. "ನೀನೇ ನೋಡು ಹಾಗಾದ್ರೆ" ಎಂದ ಮೆಲ್ಲಗೆ. "ಮಿಸ್ಸು ಹೇಳಿದ ಹಾಗೆ ಮಾಡು."

ಅವಳು ಹಲ್ಲಿಗೆ ಹಲ್ಲು ಸೇರಿಸಿ ಬಾಯಿ ಮುಚ್ಚಿಕೊಂಡಳು. ಮಗುವಿನ ಕೈ ಮೇಲೆದ್ದಿತು. ಆ ಕೈಯ ಪ್ರತಿ ಉಗುರನ್ನೂ ಅವಳೇ ಕತ್ತರಿಸಿದ್ದು, ನಿದ್ದೆ ಮಾಡುವಾಗ, ಎಚ್ಚರವಾಗದಂತೆ. ಕೈ ನೀರಿನ ಮೇಲೆ ಬಂತು, ನಿಂತಿತು. ಮಗು ಅವಳ ತುಟಿ ನೋಡಿತು. ಅಲ್ಲಿ ಏನೂ ಇರಲಿಲ್ಲ. ಬಿಸ್ಕತ್ತು. ಫ್ರಿಜ್ಜಿನ ಮೇಲಿನ ಪೊಟ್ಟಣದ ಸದ್ದು ಕೇಳಿದಾಗಿನಿಂದ ಅದಕ್ಕೆ ಬಿಸ್ಕತ್ತು ಬೇಕು ಎಂದು ಅವಳಿಗೆ ಗೊತ್ತಿತ್ತು, ಅಂಗೈಯಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಈಗ ದ್ರೋಹದಂತಿತ್ತು. ತುಟಿಗಳು ತಾವಾಗಿಯೇ ಅದುರಿದವು. ಒಳಗಿನಿಂದ ಕಚ್ಚಿ ಹಿಡಿದಳು. ಮಗು ಕಾಯಿತು. ಕೈ ಮುಂದೆ ಸರಿಯಿತು. ಉಯ್ಯಾಲೆ, ಕಕ್ಕಸು, ನೋವು. ನೋವಿನ ಮೇಲೆ ತುಸು ಹೆಚ್ಚು ಹೊತ್ತು ನಿಂತಿತೆ, ಅಥವಾ ಅದೂ ಅವಳೇ ಊಹಿಸಿಕೊಂಡದ್ದೇ? ಕೊನೆಗೆ ಅವಳ ಫೋಟೋ. ಆ ಫೋಟೋದಲ್ಲಿ ಅವಳು ನಗುತ್ತಿದ್ದಳು, ಬಾಯಿ ತುಂಬ. ಕೈ ಅದರ ಮೇಲೆ ತೇಲುತ್ತ ನಿಂತಿತು. ಇದೇ ಹೊತ್ತು, ದಿನಾ ಇದೇ ಹೊತ್ತು. ಬೇಡ, ಕೊಡಬೇಡ, ಹೀಗೆ ಕೊಡಬೇಡ ಎಂದು ಅವಳು ಮನಸ್ಸಿನಲ್ಲಿ ಹೇಳಿಕೊಂಡಳು. ಕೊಡು ಎಂದೂ ಅದೇ ಉಸಿರಿನಲ್ಲಿ ಹೇಳಿಕೊಂಡಳು. ಮುಖ ಅಲ್ಲಾಡಲಿಲ್ಲ.

ಮಗು ಕೈಯಿಳಿಸಿತು. ಮುಂದಕ್ಕೆ ಬಾಗಿ, ತೋರುಬೆರಳನ್ನು ಅವಳ ಕೆಳತುಟಿಯ ಮೇಲಿಟ್ಟಿತು. ತಾನಾಗಿ ಅದು ಅವಳ ಮುಖ ಮುಟ್ಟಿದ್ದು ಇದೇ ಮೊದಲು. ಬೆರಳು ತುಟಿಗಳ ನಡುವಿನ ಸಂದನ್ನು ಹುಡುಕಿತು, ಉಗುರು ಒಳಗೆ ತೂರಿತು, ಅಂಟಿಕೊಂಡ ಲಕೋಟೆ ಬಿಡಿಸುವಂತೆ ಮೀಟಿತು. ಅವಳು ಹಲ್ಲು ಬಿಗಿದಳು. ಬೆರಳು ಹಲ್ಲಿಗೆ ತಾಗಿತು. ಉಪ್ಪುಪ್ಪಾದ ರುಚಿ, ರಕ್ತವೋ, ಬೆರಳಿನದೋ. ಹತ್ತಿರದಿಂದ ಮಗುವಿನ ಉಸಿರು ಬೀಸುತ್ತಿತ್ತು. ಅದರ ಕಣ್ಣಲ್ಲಿ ಕೋಪವಿರಲಿಲ್ಲ. ದೀಪ ಹೋದ ಮನೆಯಲ್ಲಿ ಮತ್ತೆ ಮತ್ತೆ ಸ್ವಿಚ್ಚು ಒತ್ತಿ ನೋಡುವವರ ಕಣ್ಣಲ್ಲಿ ಇರುತ್ತದಲ್ಲ, ಅದಿತ್ತು.

"ತೆರೀಬೇಡ್ವೇ" ಎಂದು ಅತ್ತೆ ಪಿಸುಗುಟ್ಟಿದರು. "ಗಟ್ಟಿಯಾಗಿರು."

ಬೆರಳು ಹಿಂದೆ ಹೋಯಿತು. ಮಗು ಅದನ್ನು ತನ್ನ ಫ್ರಾಕಿಗೆ ಒರೆಸಿಕೊಂಡಿತು. ಆಮೇಲೆ ಹಲಗೆಯ ಕಡೆ ನೋಡದೆ, ಕೈ ಚಾಚಿದಲ್ಲಿ ಸಿಕ್ಕಿದ್ದನ್ನು ಚರ್ರನೆ ಕಿತ್ತು ಅವಳ ಅಂಗೈಯಲ್ಲಿ ಇಟ್ಟಿತು. ನೀರಿನ ಚಿತ್ರ.

ಕೊಟ್ಟದ್ದೇ ಕೇಳಿದ್ದು. ಅವಳು ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಮಗು ಲೋಟವನ್ನು ನೋಡಿತು, ಅವಳ ತುಟಿಯನ್ನು ನೋಡಿತು, ಎರಡೂ ಕೈಯಲ್ಲಿ ಹಿಡಿದು ಕುಡಿಯಿತು. ಖಾಲಿ ಲೋಟ ಕೆಳಗಿಟ್ಟಿತು. ಅವಳು ಚಿತ್ರವನ್ನು ಮತ್ತೆ ಹಲಗೆಗೆ ಅಂಟಿಸಿದಳು. ಮಗು ಕಾಯಿತು. ಮುಖದಲ್ಲಿ ಏನೂ ಬರಲಿಲ್ಲ. ಮತ್ತೆ ಅದೇ ಚಿತ್ರ ಕಿತ್ತು ಕೊಟ್ಟಿತು. ಮತ್ತೆ ನೀರು. ಈ ಸಲ ನಡುವೆ ಒಮ್ಮೆ ನಿಲ್ಲಿಸಿ ಉಸಿರೆಳೆದುಕೊಂಡಿತು, ಬೇಡದ್ದನ್ನು ಮುಗಿಸುವವರ ಹಾಗೆ, ಆದರೂ ಮುಗಿಸಿತು. ಫ್ರಾಕಿನ ಎದೆ ಒದ್ದೆಯಾಗಿತ್ತು.

"ನೋಡ್ರೋ, ನೋಡ್ರೋ!" ಎಂದು ಅತ್ತೆ ಕೈ ತಟ್ಟಲು ಹೋಗಿ, ನೆನಪಾಗಿ, ತಟ್ಟದೆ ಅಂಗೈಗಳನ್ನು ಜೋಡಿಸಿ ಹಿಡಿದರು. ಅವರ ಕಣ್ಣು ತುಂಬಿತ್ತು. "ಕಲಿತುಬಿಡ್ತು ನನ್ನ ಮೌನಗೌರಿ! ನೀನು ಬಾಯಿ ತೆರೀದೇನೇ ನೀರು ಕೇಳ್ತು! ಪಾಪ, ಎಷ್ಟು ಬಾಯಾರಿತ್ತೋ. ಇನ್ನು ನೀನು ನಿಶ್ಚಿಂತೆಯಾಗಿ ಹೋಗ್ಬಾರೇ ತಾಯಿ ಆಸ್ಪತ್ರೆಗೆ."

ಅವಳು ಗೋಡೆಗೆ ಒರಗಿದ್ದ ಗಂಡನ ಕಡೆ ನೋಡಿದಳು. ಅವನು ಫ್ರಿಜ್ಜಿನ ಮೇಲಿನ ಬಿಸ್ಕತ್ತಿನ ಪೊಟ್ಟಣವನ್ನು ನೋಡುತ್ತಿದ್ದ.

ಚರ್ರ್ ಎಂದಿತು. ಅಂಗೈಯಲ್ಲಿ ಮತ್ತೆ ನೀರಿನ ಚಿತ್ರ, ಈಗ ಅಂಚು ಒದ್ದೆಯಾಗಿ. ಅವಳು ಹೂಜಿ ಎತ್ತಿದಳು, ಲೋಟ ತುಂಬಿಸಿದಳು, ಕೊಟ್ಟಳು. ಮಗು ಲೋಟವನ್ನು ಮುಖಕ್ಕೆತ್ತಿತು. ಲೋಟದ ಅಂಚಿನ ಮೇಲಿಂದ ಎರಡು ಕಣ್ಣುಗಳು ಅವಳ ತುಟಿಯನ್ನೇ ನೋಡುತ್ತಿದ್ದವು, ರೆಪ್ಪೆ ಹೊಡೆಯದೆ, ಇಷ್ಟು ಕುಡಿದರೆ ಸಾಕೇ, ಇನ್ನೂ ಕುಡಿಯಬೇಕೇ ಎಂದು. ನೀರು ಕುಡಿಯಲು ಮಗು ಬಾಯಿ ತೆರೆಯಿತು. ಅವಳು ತೆರೆಯಲಿಲ್ಲ.